ಹಲ್ಲೋ, ಮೂಳೆಯೋ?

ಶಿವಮೊಗ್ಗ ಸೀಮೆಯ ಹಳೇ ಸಮಾಧಿಯ ಅವಶೇಷ, ಒಂದೇ ಐಸೊಟೋಪ್ ಪರೀಕ್ಷೆಗೆ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು ಅಳೆದು ಸತ್ತವರ ಊಟ, ಊರು ಊಹಿಸುವ ಪರೀಕ್ಷೆ) ಸಾಲುವಷ್ಟು ದುಡ್ಡು ಎಂದಾದರೆ ನನ್ನ ಓಟು ಹಲ್ಲಿಗೆ.

ಮೂಳೆಯ ಕೊಲಾಜೆನ್ ಎಂಬ ಪ್ರೋಟೀನು ಕೊನೆಗಾಲದ ಹಲವು ವರ್ಷಗಳ ಊಟ ಹೇಳುತ್ತದೆ, ನಿಜ. ಇಂಗಾಲ-13 ಅಕ್ಕಿ ಉಂಡವರಲ್ಲಿ ಕಡಿಮೆ, ರಾಗಿ ಉಂಡವರಲ್ಲಿ ಹೆಚ್ಚು; ಸಾರಜನಕ-15 ಮೀನು, ಮಾಂಸದ ಸುಳಿವು. ಆದರೆ ಮಲೆನಾಡಿನ ಮಳೆ, ಹುಳಿ ಮಣ್ಣು ಕೊಲಾಜೆನ್ ಉಳಿಸಬೇಕಲ್ಲ! ಅದರ ಇಂಗಾಲ-ಸಾರಜನಕ ಅನುಪಾತ 2.9–3.6ರ ಆಚೆ ಹೋದರೆ ಫಲಿತಾಂಶ ನಂಬಬೇಡಿ.

ಹಲ್ಲಿನ ಹೊರಪದರವಾದ ಎನಾಮಲ್ ಗಟ್ಟಿಪಿಂಡ. ಎಳವೆಯಲ್ಲಿ ಕಟ್ಟಿದ ಮೇಲೆ ಬದಲಾಗದು. ಅದರಲ್ಲಿನ ಸ್ಟ್ರಾಂಷಿಯಂ (ಬಂಡೆಯಿಂದ ಮಣ್ಣು, ನೀರು, ಊಟದ ಮೂಲಕ ಹಲ್ಲು ಸೇರುವ ಧಾತು) 87/86 ಅನುಪಾತ ಬೆಳೆದ ನೆಲದ ಬಂಡೆಯ ಗುರುತು; ಸತ್ತವರು ಹೊರಗಿನಿಂದ ಬಂದವರೇ ಎಂದು ಊಹಿಸಬಹುದು. ಹೋಲಿಕೆಗೆ ಸುತ್ತಲಿನ ಗಿಡ, ಬಸವನಹುಳುಗಳ ಮಾದರಿ ಬೇಕು. ಆದರೆ ಅವನ್ನು ಗೊಬ್ಬರ ಬಿದ್ದ ಅಡಿಕೆ ತೋಟದಿಂದ ತರಬೇಡಿ, ಗೊಬ್ಬರದ ಸ್ಟ್ರಾಂಷಿಯಂ ಹೋಲಿಕೆ ಕೆಡಿಸಬಹುದು. ಅಕ್ಕಿ-ರಾಗಿ ಲೆಕ್ಕ ಎನಾಮಲ್‌ನ ಇಂಗಾಲದಲ್ಲೂ ಸಿಗುತ್ತದೆ, ಬಾಲ್ಯದ್ದಷ್ಟೇ.