ಬೇಸ್ ಗಿಟಾರ್‌ಗೆ ವೈರ್‌ಲೆಸ್: ಎರಡು ಸೀಸನ್, ನಾಲ್ಕು ಬಗೆ

ನನಗೆ ವೈರ್‌ಲೆಸ್, ಅಂದರೆ ಬೇಸ್‌ನ ಧ್ವನಿಯನ್ನು ಕೇಬಲ್ ಬದಲು ರೇಡಿಯೋ ಅಲೆಯಲ್ಲಿ ಆಂಪ್ಲಿಫೈಯರ್‌ಗೆ (ಆಂಪ್) ಕಳಿಸುವ ಸೆಟ್, ಬೇಕೆನ್ನಿಸಿದ್ದು ವೇದಿಕೆಯ ತುಂಬ ಓಡಾಡುವುದಕ್ಕಲ್ಲ. ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವನಿಗೆ ಡ್ರಮ್ಸ್ ಪಕ್ಕ ಎರಡು ಅಡಿ ಜಾಗ ಸಿಕ್ಕರೆ ಅದೇ ಹೆಚ್ಚು. ಅವನತ್ತ ಯಾರೂ ನೋಡುವುದೂ ಇಲ್ಲ. ಬೇಕೆನ್ನಿಸಿದ್ದು ಭದ್ರಾವತಿ ಕಡೆಯ ಒಂದು ಗಣೇಶೋತ್ಸವದಲ್ಲಿ, ಕೋರಸ್ ಹಾಡಲು ಮೈಕಿಗೆ ಬಾಯಿ ಕೊಟ್ಟಾಗ ತುಟಿಗೆ ಶಾಕ್ ಹೊಡೆದ ಮೇಲೆ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಪ್ಲೈವುಡ್ ವೇದಿಕೆಯ ಮೇಲೆ ನೆನೆದ ಜಮಖಾನ, ನನ್ನ ಆಂಪ್‌ಗೆ ಪಕ್ಕದ ಮನೆಯ ಕರೆಂಟು, ಸೌಂಡ್‌ನವರ ಮಿಕ್ಸರ್‌ಗೆ ಜನರೇಟರ್. ಎರಡರ ಅರ್ಥಿಂಗ್ ಬೇರೆ ಬೇರೆ, ಅಥವಾ ಒಂದಕ್ಕೆ ಇರಲೇ ಇಲ್ಲ. ಬೇಸ್‌ನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ, ಮೈಕಿನ ಜಾಲರಿ ಮಿಕ್ಸರ್‌ನ ಅರ್ಥ್‌ಗೆ. ನಡುವಿನ ಸೇತುವೆ ನಾನು. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಪ್ರಾಣ ಬಿಟ್ಟದ್ದು ವೇದಿಕೆಯ ಮೇಲೆ, ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ. ವೈರ್‌ಲೆಸ್ ಹಾಕಿಕೊಂಡರೆ ಆಂಪ್‌ಗೂ ಮೈಗೂ ಇರುವ ಕೊಂಡಿ ತಪ್ಪುತ್ತದೆ. ಅಂಗಡಿಯಲ್ಲಿ ಈ ಕಾರಣ ಹೇಳಿದಾಗ ಹುಡುಗ ನಕ್ಕ. ಅವನು ಮಳೆಯಲ್ಲಿ ನುಡಿಸಿದವನಲ್ಲ.

ಅಂದಿನಿಂದ ಎರಡು ಸೀಸನ್, ಗಣೇಶ ಹಬ್ಬದಿಂದ ಹಿಡಿದು ರಾಜ್ಯೋತ್ಸವದ ತಿಂಗಳು ದಾಟಿ ಬೇಸಿಗೆಯ ಜಾತ್ರೆಗಳವರೆಗೆ, ನಾಲ್ಕು ಬಗೆಯ ಸೆಟ್‌ಗಳನ್ನು ಕೊಂಡು, ಎರವಲು ತಂದು, ಬಾಡಿಗೆಗೆ ಪಡೆದು ನುಡಿಸಿದ್ದೇನೆ. ಬೇಸ್ ಮಾತ್ರ ಒಂದೇ: ಐದು ತಂತಿಯದು, ಒಳಗೆ 9 ವೋಲ್ಟ್ ಬ್ಯಾಟರಿಯ ಆಕ್ಟಿವ್ ಪ್ರೀಆಂಪ್ (ಧ್ವನಿಯನ್ನು ವಾದ್ಯದೊಳಗೇ ಮೊದಲು ಹಿಗ್ಗಿಸುವ ಸರ್ಕ್ಯೂಟ್). ಕೈಕೊಟ್ಟ ಸೆಟ್‌ಗಳ ಹೆಸರು ಬರೆಯುವುದಿಲ್ಲ. ಒಂದು ಮಾದರಿಯ ಒಂದೇ ಪೆಟ್ಟಿಗೆಯನ್ನು ನೋಡಿದವನು ಕಂಪನಿಯನ್ನು ದೂರುವುದು ನ್ಯಾಯವಲ್ಲ. ಅಲ್ಲದೆ ನಾನು ಕಂಡುಕೊಂಡ ಮಟ್ಟಿಗೆ ದೋಷ ಬ್ರ್ಯಾಂಡಿನದಕ್ಕಿಂತ ಬಗೆಯದು.

ಮೊದಲು ಪರೀಕ್ಷೆಯ ಮಾತು. ವೈರ್‌ಲೆಸ್ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಆರು ತಂತಿಯ ಗಿಟಾರ್‌ನವರು. ಅವರು ಮೇಲಿನ ಸ್ವರಗಳ ಹೊಳಪನ್ನು ತೂಗಿ ನೋಡುತ್ತಾರೆ. ನಮ್ಮ ಕಷ್ಟ ತಳದಲ್ಲಿರುವುದು. ನಾಲ್ಕು ತಂತಿಯ ಬೇಸ್‌ನ ಕೆಳಗಿನ ಇ ಸುಮಾರು 41 ಹರ್ಟ್ಸ್, ಐದನೆಯ ತಂತಿಯ ಬಿ ಸುಮಾರು 31 ಹರ್ಟ್ಸ್. ಆದ್ದರಿಂದ ಯಾವ ಸೆಟ್ ಕೈಗೆ ಬಂದರೂ ನಾನು ಮಾಡುವುದು ಒಂದೇ ಕೆಲಸ: ಹೆಡ್‌ಫೋನ್ ಹಾಕಿಕೊಂಡು ಬಿ ತಂತಿಯನ್ನು ಗಟ್ಟಿಯಾಗಿ ಮೀಟಿ, ಅದು ತಾನಾಗಿ ಸಾಯುವವರೆಗೂ ಕೇಳುವುದು. ಮೊದಲು ಕೇಬಲ್‌ನಲ್ಲಿ, ಆಮೇಲೆ ವೈರ್‌ಲೆಸ್‌ನಲ್ಲಿ. ಸ್ವರ ಹುಟ್ಟುವಾಗ ಎಲ್ಲ ಸೆಟ್‌ಗಳೂ ಒಳ್ಳೆಯವೇ. ಬಣ್ಣ ಬಯಲಾಗುವುದು ಅದು ಸಾಯುವಾಗ.

ಹಳೆಯ ಅನಲಾಗ್ ಯುಎಚ್‌ಎಫ್ (ಕೆಲವು ನೂರು ಮೆಗಾಹರ್ಟ್ಸ್‌ನ ರೇಡಿಯೋ ಅಲೆಯ) ಸೆಟ್ ಬಯಲಾದದ್ದು ಹೀಗೆಯೇ. ಮಿತ್ರರೊಬ್ಬರು ಹತ್ತು ವರ್ಷ ದುಡಿಸಿದ್ದ ಬೆಲ್ಟ್‌ಪ್ಯಾಕ್, ಅಂದರೆ ಸೊಂಟಕ್ಕೆ ಸಿಕ್ಕಿಸುವ ಟ್ರಾನ್ಸ್‌ಮಿಟರ್, ಅದು ಕಳಿಸಿದ್ದನ್ನು ಹಿಡಿಯುವ ಎರಡು ಆಂಟೆನಾಗಳ ರಿಸೀವರ್. ದೂರದ ವಿಚಾರದಲ್ಲಿ ಅದನ್ನು ಮೀರಿಸಿದ್ದು ಇನ್ನೊಂದಿಲ್ಲ. ಮೈದಾನದ ಆಚೆ ಚಹದ ಅಂಗಡಿಯವರೆಗೆ ನುಡಿಸುತ್ತಾ ಹೋಗಿ ಬಂದೆ, ಒಂದು ಸ್ವರವೂ ತಪ್ಪಲಿಲ್ಲ. ಆದರೆ ಇಂಥ ಅನಲಾಗ್ ಸೆಟ್‌ಗಳು ಧ್ವನಿಯ ಏರಿಳಿತವನ್ನು ಕಳಿಸುವ ತುದಿಯಲ್ಲಿ ಅರ್ಧಕ್ಕೆ ಹಿಸುಕಿ, ಹಿಡಿಯುವ ತುದಿಯಲ್ಲಿ ಮತ್ತೆ ಬಿಡಿಸುತ್ತವೆ. ಇದಕ್ಕೆ ಕಂಪ್ಯಾಂಡರ್ ಎನ್ನುತ್ತಾರೆ. ಹಾಡುಗಾರರ ಧ್ವನಿಗೆ ಇದು ಹೊಂದುತ್ತದೆ. 31 ಹರ್ಟ್ಸ್‌ನ ಒಂದು ಅಲೆ ಮುಗಿಯಲು ಮಾತ್ರ 32 ಮಿಲಿಸೆಕೆಂಡ್ ಬೇಕು. ಅಷ್ಟು ನಿಧಾನದ ಅಲೆಯನ್ನು ಯಂತ್ರ ಏರಿಳಿತವೆಂದೇ ಭಾವಿಸಿ ಅದರ ಹಿಂದೆ ಓಡತೊಡಗುತ್ತದೆ. ಬಿ ತಂತಿಯ ಸ್ವರ ಇಳಿಯುತ್ತಿದ್ದಂತೆ ಅದರ ಬೆನ್ನಿಗೆ ಉಸಿರಾಡಿದ ಹಾಗೆ ಒಂದು ಸುಯ್ ಸದ್ದು ಉಬ್ಬಿ, ಕೊನೆಯಲ್ಲಿ ಥಟ್ಟನೆ ಅಡಗುತ್ತಿತ್ತು. ಡ್ರಮ್ಸ್ ಜೊತೆಯಲ್ಲಿ ಇದು ಕೇಳಿಸುವುದಿಲ್ಲ, ನಿಜ. ಪಲ್ಲವಿಗೆ ಮುಂಚೆ ಎಲ್ಲರೂ ನಿಲ್ಲಿಸಿ ಬೇಸ್ ಒಂದೇ ಉಳಿಯುವ ಕಡೆ ಚೆನ್ನಾಗಿಯೇ ಕೇಳಿಸಿತು.

ಯುಎಚ್‌ಎಫ್‌ಗೆ ಇನ್ನೆರಡು ಶತ್ರುಗಳಿದ್ದಾರೆ. ಒಂದು, ಹಿನ್ನೆಲೆಗೆ ನಿಲ್ಲಿಸುವ ಎಲ್‌ಇಡಿ ಪರದೆ. ಅದನ್ನು ಹಚ್ಚಿದ ಕ್ಷಣ ರಿಸೀವರ್‌ನ ಸಿಗ್ನಲ್ ದೀಪಗಳು, ಟ್ರಾನ್ಸ್‌ಮಿಟರ್ ಆರಿಸಿದ್ದರೂ, ಎರಡು ಮೂರು ಹತ್ತಿಕೊಂಡವು. ಇನ್ನೊಂದು, ಹಳೆಯ ಹಾಗೂ ಅಗ್ಗದ ಸೆಟ್‌ಗಳಲ್ಲಿ ಬಹಳಷ್ಟು 700ರಿಂದ 800 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. 2022ರ ಹರಾಜಿನಲ್ಲಿ ನಮ್ಮ ದೇಶದ 700 ಮೆಗಾಹರ್ಟ್ಸ್ ಬ್ಯಾಂಡ್ 5ಜಿ ಮೊಬೈಲ್ ಸೇವೆಗೆ ಹೋಗಿದೆ. ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವವರು ಪೆಟ್ಟಿಗೆಯ ಹಿಂದಿನ ಚೀಟಿಯಲ್ಲಿ ಫ್ರೀಕ್ವೆನ್ಸಿ ಓದದೆ ಹಣ ಎಣಿಸಬೇಡಿ.

ಎರಡನೆಯದು ಈಗ ಎಲ್ಲರ ಕೈಯಲ್ಲಿ ಕಾಣುವ, ಜ್ಯಾಕ್‌ಗೆ ನೇರವಾಗಿ ಚುಚ್ಚುವ 2.4 ಗಿಗಾಹರ್ಟ್ಸ್ ಡಿಜಿಟಲ್ ಜೋಡಿ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಒಂದು ತುಂಡು ಬೇಸ್‌ಗೆ, ಇನ್ನೊಂದು ಆಂಪ್‌ಗೆ, ಮುಗಿಯಿತು. ಇದರಲ್ಲಿ ಕಂಪ್ಯಾಂಡರ್‌ನ ಗೋಜಿಲ್ಲದ್ದರಿಂದ ಬಿ ತಂತಿ ಕೇಬಲ್‌ನಲ್ಲಿ ಸತ್ತಂತೆಯೇ ಸತ್ತಿತು. ನಾನು ಮೊದಲು ಬೆರಗಾದದ್ದು ಇಲ್ಲಿ. ಅಗ್ಗದ ವಸ್ತುವಿನಿಂದ ಇಷ್ಟು ನಿರೀಕ್ಷಿಸಿರಲಿಲ್ಲ. ತೊಂದರೆ ಬೇರೆ ಕಡೆ ಇದೆ. ಇವುಗಳಲ್ಲಿ ಹಲವಕ್ಕೆ ಇನ್‌ಪುಟ್ ತಗ್ಗಿಸುವ ಗುಂಡಿಯೇ ಇರುವುದಿಲ್ಲ. ಆಕ್ಟಿವ್ ಬೇಸ್‌ನಲ್ಲಿ ಹೆಬ್ಬೆರಳಿನಿಂದ ಸ್ಲ್ಯಾಪ್ ಹೊಡೆದರೆ ಟ್ರಾನ್ಸ್‌ಮಿಟರ್‌ನ ಬಾಗಿಲಲ್ಲೇ ಧ್ವನಿ ಒಡೆಯುತ್ತದೆ, ಆಂಪ್‌ನಲ್ಲಿ ಎಷ್ಟು ತಗ್ಗಿಸಿದರೂ ಒಡೆದದ್ದು ಒಡೆದದ್ದೇ. ಬೇಸ್‌ನ ವಾಲ್ಯೂಮನ್ನೇ ಮುಕ್ಕಾಲಿಗೆ ಇಳಿಸಿ ನುಡಿಸಬೇಕಾಯಿತು. ಇನ್ನೊಂದು ಎಚ್ಚರಿಕೆ: ಆಕ್ಟಿವ್ ಬೇಸ್‌ನಲ್ಲಿ ಜ್ಯಾಕ್ ಚುಚ್ಚಿದೊಡನೆ ಒಳಗಿನ ಬ್ಯಾಟರಿ ಚಾಲೂ ಆಗುತ್ತದೆ. ಊಟಕ್ಕೆ ಹೋಗುವಾಗ ಟ್ರಾನ್ಸ್‌ಮಿಟರ್‌ನ ಸ್ವಿಚ್ ಆರಿಸಿದರೆ ಸಾಲದು, ಕಿತ್ತಿಡಬೇಕು.

ಬ್ಯಾಟರಿಯ ಲೆಕ್ಕವೂ ನಮ್ಮದು ಬೇರೆ. ಸೌಂಡ್‌ಚೆಕ್ ಸಂಜೆ ನಾಲ್ಕಕ್ಕೆ. ಭಾಷಣ, ಸನ್ಮಾನ, ಮತ್ತೆ ಭಾಷಣ. ಧ್ವನಿವರ್ಧಕ ನಿಲ್ಲಿಸಬೇಕಾದದ್ದು ರಾತ್ರಿ ಹತ್ತಕ್ಕೆ. ಅಲ್ಲಿಗೆ ಆರು ಗಂಟೆ. ಈ ಚುಚ್ಚುವ ಬಗೆಯ ಎಕ್ಸ್‌ವೈವ್ ಯು2 ತನ್ನ ಬ್ಯಾಟರಿಗೆ ಹೇಳಿಕೊಳ್ಳುವುದು 5 ಗಂಟೆ. ಪಬ್‌ನಲ್ಲಿ ಎರಡು ತಾಸು ನುಡಿಸುವವರಿಗೆ ಅದು ಧಾರಾಳ, ನಮಗೆ ನಡುವೆ ಚಾರ್ಜ್ ಮಾಡುವ ಶಿಸ್ತು ಬೇಕು. ಸನ್ಮಾನದ ಹೊತ್ತು ಅದಕ್ಕೆ ಹೇಳಿ ಮಾಡಿಸಿದ್ದು. ಬಾಸ್ ಕಂಪನಿಯ ಡಬ್ಲ್ಯುಎಲ್-20ಎಲ್ ಇದೇ ಬಗೆಯದು, ಹೆಚ್ಚು ಹೊತ್ತು ಬರುತ್ತದೆ, ಆಕ್ಟಿವ್ ವಾದ್ಯಗಳಿಗೆಂದೇ ಕೇಬಲ್ ಅನುಕರಣೆಯನ್ನು (ಉದ್ದ ಕೇಬಲ್‌ನಿಂದ ಧ್ವನಿಗೆ ಬರುವ ಮಂಕನ್ನು ನಕಲು ಮಾಡುವುದನ್ನು) ಬಿಟ್ಟು ಮಾಡಿದ್ದು.

ಆದರೆ ನನ್ನ ಚುಚ್ಚುವ ಜೋಡಿಯ ನಿಜವಾದ ಪರೀಕ್ಷೆ ಆದದ್ದು ಹಾಸನ ಜಿಲ್ಲೆಯ ಒಂದು ಜಾತ್ರೆಯಲ್ಲಿ. ನಾಲ್ಕು ಗಂಟೆಯ ಸೌಂಡ್‌ಚೆಕ್‌ನಲ್ಲಿ ಖಾಲಿ ಮೈದಾನ, ಎಲ್ಲವೂ ಸೊಗಸು. ಒಂಬತ್ತಕ್ಕೆ ಜನ ಕಿಕ್ಕಿರಿದಿದ್ದರು, ಪ್ರತಿ ಕೈಯಲ್ಲೂ ಮೇಲೆತ್ತಿದ ಮೊಬೈಲ್. ಮೂರನೆಯ ಹಾಡಿನ ಚರಣದಲ್ಲಿ ಬೇಸ್ ಮಾಯವಾಯಿತು. ಕೈ ನುಡಿಸುತ್ತಲೇ ಇದೆ, ತಂತಿ ಅದುರುತ್ತಲೇ ಇದೆ, ಬೆನ್ನ ಹಿಂದೆ ಏನೂ ಇಲ್ಲ. ಒಂದು ಸೆಕೆಂಡ್ ಇರಬಹುದು, ಮತ್ತೆ ಬಂತು. ಅನಲಾಗ್ ಆಗಿದ್ದರೆ ಸಾಯುವ ಮುನ್ನ ಕೊರಕೊರ ಎಂದು ಸೂಚನೆ ಕೊಡುತ್ತದೆ. ಡಿಜಿಟಲ್ ಹೇಳದೆ ಕೇಳದೆ ಹೋಗುತ್ತದೆ. ಗಿಟಾರ್ ಒಂದು ಸೆಕೆಂಡ್ ಹೋದರೆ ಗಿಟಾರ್‌ನವರಿಗೆ ಮಾತ್ರ ಗೊತ್ತಾಗುತ್ತದೆ. ಬೇಸ್ ಹೋದಾಗ ಏನು ಹೋಯಿತೆಂದು ಯಾರಿಗೂ ತಿಳಿಯದು, ಆದರೆ ಮುಂದಿನ ಸಾಲಿನಲ್ಲಿ ಕುಣಿಯುತ್ತಿದ್ದ ಹುಡುಗರ ಕಾಲು ತಪ್ಪಿದ್ದನ್ನು ನಾನು ಕಣ್ಣಾರೆ ಕಂಡೆ. ಆ ರಾತ್ರಿ ಹೀಗೆ ನಾಲ್ಕು ಸಲ ಆಯಿತು.

ಅಪರಾಧಿ ಸಿಕ್ಕಿದ್ದು ಸಾಮಾನು ಕಟ್ಟುವಾಗ. ನನ್ನ ಆಂಪ್‌ನ ನೆತ್ತಿಯ ಮೇಲೆ, ರಿಸೀವರ್‌ನಿಂದ ಒಂದು ಗೇಣು ದೂರದಲ್ಲಿ, ಎರಡು ಕೊಂಬಿನ ಪುಟ್ಟ ಪೆಟ್ಟಿಗೆ ಕೂತಿತ್ತು.

“ಇದೇನಪ್ಪ?” ಎಂದು ಸೌಂಡ್‌ನ ಹುಡುಗನನ್ನು ಕೇಳಿದೆ.

“ರೌಟರ್ ಅಣ್ಣ. ಮಿಕ್ಸರನ್ನು ಟ್ಯಾಬ್‌ನಲ್ಲಿ ನಡೆಸುವುದಕ್ಕೆ. ಜಾಗ ಇರಲಿಲ್ಲ, ಇಲ್ಲಿ ಇಟ್ಟೆ.”

2.4 ಗಿಗಾಹರ್ಟ್ಸ್‌ಗೆ ನಮ್ಮಲ್ಲಿ 2005ರಿಂದ ಲೈಸೆನ್ಸ್ ಬೇಕಿಲ್ಲ. ಹಾಗಾಗಿ ವೈಫೈ, ಬ್ಲೂಟೂತ್, ನನ್ನ ಬೇಸ್, ಎಲ್ಲರೂ ಅದೇ ಓಣಿಯಲ್ಲಿ. ಈಗ ಸೌಂಡ್‌ನವರನ್ನು ಕಂಡ ಕೂಡಲೇ ನಾನು ಕೇಳುವುದು ಎರಡು: ರೌಟರ್ ಎಲ್ಲಿಡುತ್ತೀರಿ, ಅದನ್ನು 5 ಗಿಗಾಹರ್ಟ್ಸ್‌ಗೆ ಹಾಕಲಾಗುತ್ತದೆಯೇ. ಹೆಚ್ಚಿನವರು ಹಾಕಿಕೊಡುತ್ತಾರೆ, ಒಂದು ನಿಮಿಷದ ಕೆಲಸ.

ಮೂರನೆಯ ಬಗೆಯೂ 2.4 ಗಿಗಾಹರ್ಟ್ಸ್ ಡಿಜಿಟಲ್ಲೇ, ಆದರೆ ಬೆಲ್ಟ್‌ಪ್ಯಾಕ್ ಮತ್ತು ಪೆಡಲ್ ಆಕಾರದ ರಿಸೀವರ್ ಇರುವುದು. ನಾನು ಬಾಡಿಗೆಗೆ ತಂದದ್ದು ಶೂರ್ ಜಿಎಲ್‌ಎಕ್ಸ್‌ಡಿ16. ರಿಸೀವರ್‌ನಲ್ಲೇ ಟ್ಯೂನರ್ ಇದೆ, ಕಾಲಲ್ಲಿ ಒತ್ತಿದರೆ ಧ್ವನಿ ನಿಂತು ಶ್ರುತಿ ತೋರಿಸುತ್ತದೆ. ಭಾಷಣದ ನಡುವೆ ಸದ್ದಿಲ್ಲದೆ ಶ್ರುತಿ ಮಾಡಿಕೊಳ್ಳಲು ಇದಕ್ಕಿಂತ ಬೇಕಿಲ್ಲ. ಬ್ಯಾಟರಿ 16 ಗಂಟೆಯವರೆಗೆ ಎನ್ನುತ್ತಾರೆ, ನಾನು ಎರಡು ದಿನದ ಕಾರ್ಯಕ್ರಮವನ್ನು ಒಂದೇ ಚಾರ್ಜ್‌ನಲ್ಲಿ ಮುಗಿಸಿದೆ. ಬೇಸ್‌ಗೆ ತಕ್ಕಂತೆ ಇನ್‌ಪುಟ್ ತಗ್ಗಿಸಬಹುದು, ಸ್ಲ್ಯಾಪ್ ಒಡೆಯಲಿಲ್ಲ. ಅಡಚಣೆ ಕಂಡರೆ ತಾನೇ ಫ್ರೀಕ್ವೆನ್ಸಿ ಬದಲಿಸಿಕೊಳ್ಳುತ್ತದೆ.

ಈ ಬಗೆಯಲ್ಲಿ ಯಾರೂ ಹೇಳಿಕೊಡದ ಒಂದು ವಿಷಯವನ್ನು ನಾನು ತಡವಾಗಿ ಕಲಿತೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ನೀರು ತುಂಬಿದ ಮನುಷ್ಯನ ಮೈ ಅದಕ್ಕೆ ಗೋಡೆಯಿದ್ದಂತೆ. ಪೆಡಲ್ ರಿಸೀವರ್ ಕಾಲ ಮುಂದೆ ನೆಲದ ಮೇಲೆ, ಬೆಲ್ಟ್‌ಪ್ಯಾಕ್ ವಾಡಿಕೆಯಂತೆ ಸೊಂಟದ ಹಿಂದೆ: ನಡುವೆ ನನ್ನದೇ ಹೊಟ್ಟೆ. ಹೊಟ್ಟೆಯೂ ಚಿಕ್ಕದಲ್ಲ. ರಿಸೀವರ್‌ನ ಸಿಗ್ನಲ್ ಗೆರೆಗಳು ಐದರಿಂದ ಎರಡಕ್ಕೆ ಇಳಿಯುತ್ತಿದ್ದವು. ಪ್ಯಾಕನ್ನು ಸ್ಟ್ರಾಪ್‌ನ ಮುಂಭಾಗಕ್ಕೆ, ಎದೆಯ ಹತ್ತಿರ ತಂದು ಕಟ್ಟಿದೆ. ನೋಡಲು ಬಸ್ ಕಂಡಕ್ಟರ್ ಆದಂತಾಯಿತು, ಗೆರೆಗಳು ಮಾತ್ರ ಆ ಮೇಲೆ ಅಲ್ಲಾಡಲಿಲ್ಲ. ರಿಸೀವರನ್ನು ಆಂಪ್ ಮೇಲೆ ಇಡುವವರಾದರೆ ಪ್ಯಾಕ್ ಬೆನ್ನಿಗಿದ್ದರೇ ಒಳ್ಳೆಯದು. ಎರಡೂ ಒಂದನ್ನೊಂದು ನೋಡುತ್ತಿರಬೇಕು, ಅಷ್ಟೇ.

ನಾಲ್ಕನೆಯದಾದ 5.8 ಗಿಗಾಹರ್ಟ್ಸ್ ಜೋಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚುಚ್ಚುವ ಬಗೆಯದೇ, ಓಣಿಯಲ್ಲಿ ಮಾತ್ರ ದಟ್ಟಣೆ ಕಡಿಮೆ. ಮಂಗಳೂರಿನ ಮದುವೆ ಹಾಲ್‌ಗಳಲ್ಲಿ ಬ್ಯಾಂಡ್ ಜೊತೆ ನುಡಿಸಿದ ಮೂರು ಸಂಜೆಗಳಲ್ಲಿ ಒಮ್ಮೆಯೂ ತಪ್ಪಲಿಲ್ಲ, ವೈಫೈ ಎಷ್ಟೇ ಇದ್ದರೂ. ಆದರೆ ಮೈ ಅಡ್ಡ ಬಂದರೆ ಇದು 2.4ಕ್ಕಿಂತ ಬೇಗ ಸೋಲುತ್ತದೆ. ಚಿಕ್ಕ ವೇದಿಕೆಗೆ ಸರಿ, ಮೈದಾನಕ್ಕೆ ನಾನು ಒಯ್ಯುವುದಿಲ್ಲ.

ಡಿಜಿಟಲ್ ಎಂದೊಡನೆ ತಡವಾಗಿ ಕೇಳಿಸುತ್ತದೆ ಎನ್ನುವವರಿದ್ದಾರೆ. ಬಾಸ್‌ನವರು ಹೇಳುವ ತಡ 2.3 ಮಿಲಿಸೆಕೆಂಡ್, ಎಕ್ಸ್‌ವೈವ್‌ನವರದು 6ರ ಒಳಗೆ. ಶಬ್ದ ಒಂದು ಮಿಲಿಸೆಕೆಂಡ್‌ಗೆ ಗಾಳಿಯಲ್ಲಿ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ 6 ಮಿಲಿಸೆಕೆಂಡ್ ಎಂದರೆ ಆಂಪ್‌ನಿಂದ ಎರಡು ಮೀಟರ್ ಹಿಂದೆ ಸರಿದು ನಿಂತಷ್ಟು. ಆಂಪ್ ಇಟ್ಟುಕೊಂಡು ನುಡಿಸುವವರಿಗೆ ಇದು ಲೆಕ್ಕಕ್ಕಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡು, ಡಿಜಿಟಲ್ ಮಿಕ್ಸರ್ ದಾಟಿ, ಅಲ್ಲಿಂದ ಇನ್ನೊಂದು ಡಿಜಿಟಲ್ ವೈರ್‌ಲೆಸ್‌ನಲ್ಲಿ ಕೇಳುವವರಿಗೆ ಮಾತ್ರ ಒಂದೊಂದು ಘಟ್ಟವೂ ತನ್ನ ಪಾಲು ಸೇರಿಸುತ್ತದೆ. ಅಂಥವರು ಕಡಿಮೆ ತಡದ್ದನ್ನೇ ಆರಿಸಲಿ.

ಪ್ಯಾಸಿವ್ ಬೇಸ್‌ನವರಿಗೆ, ಅಂದರೆ ಒಳಗೆ ಬ್ಯಾಟರಿ, ಪ್ರೀಆಂಪ್ ಇಲ್ಲದವರಿಗೆ, ಒಂದು ಮಾತು. ಆರು ಮೀಟರ್ ಕೇಬಲ್ ತನ್ನ ಕೆಪ್ಯಾಸಿಟೆನ್ಸ್‌ನಿಂದ (ವಿದ್ಯುತ್ತನ್ನು ತನ್ನಲ್ಲೇ ಸ್ವಲ್ಪ ಹಿಡಿದಿಡುವ ಗುಣದಿಂದ) ಮೇಲಿನ ಸ್ವರಗಳನ್ನು ಸ್ವಲ್ಪ ನುಂಗಿರುತ್ತದೆ, ನಮ್ಮ ಕಿವಿ ಅದಕ್ಕೆ ಒಗ್ಗಿರುತ್ತದೆ. ವೈರ್‌ಲೆಸ್ ಹಾಕಿದ ದಿನ ತಂತಿಯ ಮೇಲೆ ಬೆರಳು ಜಾರುವ ಕಿರ್ ಸದ್ದೆಲ್ಲ ಎದ್ದು ಕೇಳಿಸಿ ಸೆಟ್ ಕೆಟ್ಟಿದೆಯೆಂದು ಅನಿಸಬಹುದು. ಲೈನ್ 6 ರಿಲೇ ಜಿ50ಯಂಥವುಗಳಲ್ಲಿ ಕೇಬಲ್‌ನ ಆ ಮಂಕನ್ನು ಮರಳಿ ತರುವ ಸ್ವಿಚ್ ಇದೆ. ಇಲ್ಲದಿದ್ದರೆ ಟೋನ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ.

ಕೊನೆಗೆ ನಾನು ಹಣ ಕೊಟ್ಟದ್ದು ಮೂರನೆಯ ಬಗೆಗೆ. ಚುಚ್ಚುವ ಜೋಡಿಯ ಹಲವು ಪಟ್ಟು ಬೆಲೆ, ಮನೆಯಲ್ಲಿ ಅದನ್ನು ಇನ್ನೂ ಪೂರ್ತಿ ಹೇಳಿಲ್ಲ. ಚುಚ್ಚುವ ಜೋಡಿಯನ್ನು ಮಾರಲಿಲ್ಲ. ತಾಲೀಮಿಗೆ, ಮದುವೆಗೆ ಅದೇ ಸಾಕು. ಆಂಪ್‌ನ ಹಿಂದಿನ ಹಿಡಿಕೆಗೆ ಆರು ಮೀಟರ್ ಕೇಬಲ್ ಸುತ್ತಿ ನೇತು ಹಾಕಿರುತ್ತೇನೆ, ಒಂದು ತುದಿಯನ್ನು ಬಿಚ್ಚಿಯೇ ಇಟ್ಟು. ಎರಡು ಹಾಡುಗಳ ನಡುವೆ ನಿರೂಪಕರು ಪ್ರಾಯೋಜಕರ ಹೆಸರು ಓದುವಷ್ಟರಲ್ಲಿ ಬದಲಿಸಬಹುದು. ಎರಡು ಸಲ ಬದಲಿಸಿದ್ದೇನೆ ಕೂಡ.

ಹೋದ ವರ್ಷ ಮತ್ತೆ ಭದ್ರಾವತಿಯ ಅದೇ ಪೆಂಡಾಲ್, ಅದೇ ಮಳೆ. ಅರ್ಥಿಂಗ್ ನೋಡಿ ಎಂದು ಸೌಂಡ್‌ನವರಿಗೆ ಎರಡು ಸಲ ಹೇಳಿ, ಹೆದರುತ್ತಲೇ ಬಾಯಿಯನ್ನು ಮೈಕಿಗೆ ಕೊಟ್ಟೆ. ಏನೂ ಆಗಲಿಲ್ಲ. ಪಕ್ಕದಲ್ಲಿ ನಮ್ಮ ಕೀಬೋರ್ಡ್‌ನವರು ಮೈಕಿಗೆ ದಪ್ಪ ಸ್ಪಂಜಿನ ಟೋಪಿ ಹಾಕಿ, ಅದರ ಮೇಲೆ ಕರವಸ್ತ್ರ ಸುತ್ತಿ, ಒಂದು ಗೇಣು ದೂರದಿಂದ ಹಾಡುತ್ತಿದ್ದರು.