ಎಲ್‌ಪಿಜಿ ಬನ್ಸೆನ್ ಬರ್ನರ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಪ್ರಯೋಗಾಲಯದ ನಿತ್ಯದ ಕೆಲಸಕ್ಕೆ ಈ ಬರ್ನರನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಇದರ ಜ್ವಾಲೆ ಎಷ್ಟು ನಿಶ್ಚಲವಾಗಿ ನಿಲ್ಲುತ್ತದೆ ಎಂಬುದು ನಳಿಕೆಯ ಬುಡದ ಗಾಳಿರಂಧ್ರಗಳನ್ನು ತೆರೆದು ಮುಚ್ಚುವ ತಿರುಗುಬಳೆಯನ್ನೇ, ಅಂದರೆ ಕಾಲರನ್ನೇ ಅವಲಂಬಿಸಿದೆ, ನನ್ನ ದೂರು ಇರುವುದೂ ಆ ಕಾಲರಿನ ಬಗ್ಗೆಯೇ.

ಕಾಲರನ್ನು ಪೂರ್ತಿ ಮುಚ್ಚಿದಾಗ ಅನಿಲವು ನಳಿಕೆಯ ಬಾಯಿಯಿಂದ ಹೊರಬಂದ ಮೇಲಷ್ಟೇ ಗಾಳಿಯೊಂದಿಗೆ ಬೆರೆಯುತ್ತದೆ. ಆಗ ಏಳುವ ಹಳದಿ ಜ್ವಾಲೆಯು ಫ್ಯಾನ್ ನಿಲ್ಲಿಸಿ ಕಿಟಕಿಗಳನ್ನು ಮುಚ್ಚಿದರೂ ಓಲಾಡುತ್ತಲೇ ಇರುತ್ತದೆ. ಇದನ್ನು ಬರ್ನರಿನ ದೋಷವೆಂದು ಭಾವಿಸಿ ಕಡಿಮೆ ಅಂಕ ಕೊಡುವುದು ನ್ಯಾಯವಲ್ಲ. ಹಗುರವಾದ ಬಿಸಿ ಅನಿಲ ವೇಗವಾಗಿ ಮೇಲೇರುವಾಗ, ಸುತ್ತಲಿನ ತಣ್ಣನೆಯ ಗಾಳಿಯ ಅಂಚಿನಲ್ಲಿ ಉಂಗುರದಂತಹ ಸುಳಿಗಳು ಒಂದರ ಹಿಂದೊಂದು ಹುಟ್ಟಿ ಮೇಲಕ್ಕೆ ಸಾಗುತ್ತವೆ; ಪ್ರತಿಯೊಂದು ಸುಳಿಯೂ ಜ್ವಾಲೆಯ ನಡುವನ್ನು ಹಿಸುಕುತ್ತದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ ನೋಡಿದರೆ, ತುದಿಯ ಹಳದಿ ತುಣುಕು ಕಡಿದುಕೊಂಡು ಮೇಲೇರಿ ಆರಿಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. ಒಂದು ಸೆಂಟಿಮೀಟರ್ ವ್ಯಾಸದ ನಳಿಕೆಯಲ್ಲಿ ಇದು ಸೆಕೆಂಡಿಗೆ ಸುಮಾರು 15 ಬಾರಿ ನಡೆಯುತ್ತದೆ. ವ್ಯಾಸ ಹತ್ತು ಸೆಂಟಿಮೀಟರ್ ಆದರೆ ಸುಮಾರು 5 ಬಾರಿ ಮಾತ್ರ.

ಕಾಲರನ್ನು ನಿಧಾನವಾಗಿ ತಿರುಗಿಸುತ್ತಾ ಹೋದಂತೆ, ಜೆಟ್ಟಿನಿಂದ (ನಳಿಕೆಯ ಬುಡದಲ್ಲಿ ಅನಿಲ ಹೊರಬರುವ ಸಣ್ಣ ತೂತಿನಿಂದ) ಚಿಮ್ಮುವ ಅನಿಲವು ಗಾಳಿರಂಧ್ರಗಳ ಮೂಲಕ ಗಾಳಿಯನ್ನು ಒಳಕ್ಕೆ ಸೆಳೆದುಕೊಂಡು ನಳಿಕೆಯೊಳಗೇ ಬೆರೆಯುತ್ತದೆ. ಮಸಿಯ ಹಳದಿ ಹೊಳಪು ತುದಿಗೆ ಸರಿದು ಮಾಯವಾಗುತ್ತದೆ, ಜ್ವಾಲೆ ಗಿಡ್ಡವಾಗುತ್ತದೆ, ಒಳಗಿನ ನೀಲಿ ಶಂಕು ಕೆತ್ತಿಟ್ಟಂತೆ ನಿಲ್ಲುತ್ತದೆ. ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಅನಿಲದ ಒಂದು ಪಾಲು ಪೂರ್ತಿ ಉರಿಯಲು, ಗಾತ್ರದ ಲೆಕ್ಕದಲ್ಲಿ, ಸುಮಾರು 24 ಪಾಲು ಗಾಳಿ ಬೇಕು. ರಂಧ್ರಗಳು ಅದರ ಒಂದು ಭಾಗವನ್ನಷ್ಟೇ ಒದಗಿಸುವುದರಿಂದ ಉಳಿದದ್ದನ್ನು ಜ್ವಾಲೆಯು ಹೊರಗಿನಿಂದ ಪಡೆಯುತ್ತದೆ, ಹಾಗಾಗಿ ಮಸುಕಾದ ಹೊರಪದರ ಮಾತ್ರ ಇನ್ನೂ ಸ್ವಲ್ಪ ತುಯ್ಯುತ್ತದೆ. ಕಾಯಿಸುವ ಕೆಲಸಕ್ಕೆ ಅದರಿಂದ ಅಡ್ಡಿಯಿಲ್ಲ. ಕಾಲರನ್ನು ಪೂರ್ತಿ ತೆರೆದಿಟ್ಟು ಅನಿಲವನ್ನು ತಗ್ಗಿಸಿದರೆ ಮಾತ್ರ ಬೆಂಕಿ ನಳಿಕೆಯೊಳಗೆ ಇಳಿದು ಜೆಟ್ಟಿನಲ್ಲೇ ಉರಿಯತೊಡಗುತ್ತದೆ; ಆಗ ತಕ್ಷಣ ಅನಿಲ ನಿಲ್ಲಿಸಿ, ನಳಿಕೆ ತಣ್ಣಗಾದ ಮೇಲೆ ಹೊತ್ತಿಸಬೇಕು.

ಇನ್ನು ದೂರು. ಬನ್ಸೆನ್ ಬರ್ನರಿನ ಮೂಲ ವಿನ್ಯಾಸ 1850ರ ದಶಕದ್ದು. ಇಷ್ಟು ಕಾಲದ ನಂತರವೂ ಈ ತಯಾರಕರು ಕಾಲರನ್ನು ಬಿಗಿಹಿಡಿಯಲು ಒಂದು ಸಣ್ಣ ತಿರುಪನ್ನೂ ಕೊಟ್ಟಿಲ್ಲ. ಬಿಸಿಯಾಗಿ ತಣ್ಣಗಾಗುತ್ತಾ ಅದು ಸಡಿಲವಾಗಿದೆ, ರಬ್ಬರ್ ಕೊಳವೆ ಅಲುಗಿದರೂ ಸಾಕು, ತಿರುಗಿ ರಂಧ್ರ ಅರ್ಧ ಮುಚ್ಚುತ್ತದೆ, ಫ್ಲಾಸ್ಕಿನ ತಳಕ್ಕೆ ಮಸಿ ಹಿಡಿಯುತ್ತದೆ. ಕಾಲರ್ ಬಿಡಿಯಾಗಿ ಸಿಗುವುದಿಲ್ಲ, ಹೊಸ ಬರ್ನರನ್ನೇ ಕೊಳ್ಳಿ ಎಂಬ ಉತ್ತರ ಬಂತು. ಜ್ವಾಲೆ ಒಂದೇ ಪಕ್ಕಕ್ಕೆ ವಾಲುತ್ತಿದ್ದರೆ ಮಾತ್ರ ಕಾಲರನ್ನು ದೂರುವ ಮುನ್ನ ಜೆಟ್ಟನ್ನು ನೋಡಿ: ಅಲ್ಲಿ ಧೂಳು ಕೂತರೆ ಅನಿಲ ಓರೆಯಾಗಿ ಚಿಮ್ಮಿ ಮಿಶ್ರಣ ಏರುಪೇರಾಗುತ್ತದೆ. ಸ್ವಚ್ಛಗೊಳಿಸುವಾಗ ರಂಧ್ರ ಹಿಗ್ಗದಂತೆ ಎಚ್ಚರವಹಿಸಬೇಕು.

ಒಂದೇ ಹದದಲ್ಲಿ ಕಾಯಿಸುವವರಿಗೆ ಇದು ಸಾಕು. ಜ್ವಾಲೆಯನ್ನು ಪದೇ ಪದೇ ಹಿರಿದುಕಿರಿದು ಮಾಡಬೇಕಾದವರು, ಬುಡದ ಸೂಜಿ ತಿರುಪಿನಿಂದ ಅನಿಲವನ್ನೂ ಸೂಕ್ಷ್ಮವಾಗಿ ಹೊಂದಿಸಬಹುದಾದ ಟಿರಿಲ್ ಮಾದರಿಯನ್ನು ಕೊಳ್ಳುವುದು ಒಳಿತು.