ದನದ ಕೊಟ್ಟಿಗೆಯಲ್ಲಿ ಒಂದು ಪೈಂಟ್: ಲ್ಯಾಂಗ್‌ಡೇಲ್‌ನ ಓಲ್ಡ್ ಡಂಜನ್ ಗಿಲ್

ಇಂಗ್ಲೆಂಡಿನ ಹಳ್ಳಿ ಪಬ್ ಎಂದರೆ ಕಿಟಕಿಗೆ ಹೂಕುಂಡ, ಫಳಫಳಿಸುವ ಹಿತ್ತಾಳೆ, ಮೆತ್ತನೆಯ ಕುರ್ಚಿ ಎಂದುಕೊಂಡವರು ಗ್ರೇಟ್ ಲ್ಯಾಂಗ್‌ಡೇಲ್ ಕಣಿವೆಯ ಓಲ್ಡ್ ಡಂಜನ್ ಗಿಲ್‌ಗೆ ಹೋಗದಿರುವುದೇ ಲೇಸು. ಕಂಬ್ರಿಯಾದ ಈ ಹೋಟೆಲಿನ ಹೈಕರ್ಸ್ ಬಾರ್ ಹಿಂದೆ ದನದ ಕೊಟ್ಟಿಗೆಯಾಗಿತ್ತು. ಹಸುಗಳ ನಡುವಿನ ಅಡ್ಡಗೋಡೆಗಳನ್ನು ಕೀಳದೆ ಹಾಗೆಯೇ ಬಿಟ್ಟಿದ್ದಾರೆ. ನಾವು ಕುಳಿತುಕೊಳ್ಳುವುದು ಅವುಗಳ ಜಾಗದಲ್ಲಿ. ‘ಗೋದಲಿಯೊಂದು ಕಡಿಮೆ’ ಎಂದಳು ನನ್ನ ಹೆಂಡತಿ. ಕೆಸರು ಮೆತ್ತಿದ ಬೂಟಿನಲ್ಲೇ ಒಳಗೆ ಬರಬಹುದು, ನಾಯಿಯನ್ನೂ ಕರೆತರಬಹುದು. ಬೆಟ್ಟ ಸುತ್ತಿ ಬಂದವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ?

ಮೊದಲು ಬಿಯರ್ ವಿಷಯ. ಕೈಪಂಪಿನಿಂದ ಎಳೆದು ಕೊಡುವ ಏಲ್, ಪೀಪಾಯಿಯೊಳಗೇ ಎರಡನೆಯ ಬಾರಿ ಹುದುಗಿ ಹದವಾದದ್ದು. ಹೊರಗಿನಿಂದ ಅನಿಲ ತುಂಬಿ ಬುಸುಗುಡಿಸುವ ಪದ್ಧತಿ ಇದಕ್ಕಿಲ್ಲ. ನೆಲಮಾಳಿಗೆಯ 11ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಗ್ಲಾಸಿಗೆ ಬೀಳುತ್ತದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ಲಾಗರ್ ಬಿಯರ್‌ಗೆ ಒಗ್ಗಿದವರು ‘ಬೆಚ್ಚಗಿನ ಬಿಯರ್’ ಎಂದು ಮುಖ ಸಿಂಡರಿಸುತ್ತಾರೆ. ಅಂಥವರೊಡನೆ ನಾನು ವಾದಕ್ಕಿಳಿಯುವುದಿಲ್ಲ, ಅವರ ಪಾಲನ್ನೂ ಕುಡಿಯುತ್ತೇನೆ. ಪೀಪಾಯಿ ತೆರೆದ ಮೇಲೆ ಮೂರು ದಿನಗಳಲ್ಲಿ ಖಾಲಿಯಾದರೆ ಚೆಂದ. ತಡವಾದರೆ ಗಾಳಿ ತಾಗಿ ಹುಳಿಯೇರುತ್ತದೆ. ಹೀಗಾಗಿ ಏಲ್ ಕುಡಿಯುವವರು ಗಿರಾಕಿಗಳು ತುಂಬಿದ ಪಬ್ಬನ್ನೇ ಹುಡುಕಬೇಕು. ಬೇರೊಂದು ಕಣಿವೆಯ ಬಲು ಚೆಂದದ, ಬಲು ಖಾಲಿಯಾದ ಪಬ್ಬೊಂದರಲ್ಲಿ ನನ್ನ ಮುಂದಿಟ್ಟದ್ದು ಹೆಚ್ಚುಕಡಿಮೆ ವಿನೆಗರ್. ಹೆಸರು ಬೇಡ.

ಇಲ್ಲಿ ನಾನು ತೆಗೆದುಕೊಂಡದ್ದು ಯಾರ್ಕ್‌ಷೈರಿನ ಮ್ಯಾಸಮ್‌ನಲ್ಲಿ ತಯಾರಾಗುವ ಓಲ್ಡ್ ಪೆಕ್ಯೂಲಿಯರ್ ಎಂಬ ಏಲ್. ನೋಡಲು ಕಪ್ಪು, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಕೆಂಪು. ಮೊದಲ ಗುಟುಕಿನಲ್ಲಿ ಒಣದ್ರಾಕ್ಷಿ, ಬೆಲ್ಲದ ಪಾಕ. ನುಂಗಿದ ಮೇಲೆ ನಿಧಾನವಾಗಿ ಏಳುವ ಕಹಿ. ಮದ್ಯದ ಪ್ರಮಾಣ ಶೇ 5.6. ಒಂದು ಪೈಂಟ್ ಎಂದರೆ 568 ಮಿಲಿಲೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಎರಡನೆಯದಕ್ಕೆ ಅವಸರ ಮಾಡುವುದಿಲ್ಲ.

ಊಟ ಸರಳ. ಕಂಬರ್ಲ್ಯಾಂಡ್ ಸಾಸೇಜ್ ತುಂಡುತುಂಡಾಗಿ ಬರುವುದಿಲ್ಲ; ಒಂದೇ ಉದ್ದನೆಯ ಸುರುಳಿ. ಕೊಯ್ದರೆ ಒರಟಾಗಿ ಕೊಚ್ಚಿದ ಹಂದಿಮಾಂಸ, ಮೂಗಿಗೆ ಕರಿಮೆಣಸಿನ ಘಾಟು. ಕೆಳಗೆ ಹಿಸುಕಿದ ಆಲೂಗಡ್ಡೆ, ಮೇಲೆ ಗ್ರೇವಿ. ಸಸ್ಯಾಹಾರಿಯಾದ ಹೆಂಡತಿ ಸೂಪ್, ಬ್ರೆಡ್ಡಿನಲ್ಲೇ ತೃಪ್ತಳಾದಳು. ಮೇಜಿನ ಬಳಿಗೆ ಯಾರಾದರೂ ಬಂದಾರೆಂದು ಕಾಯಬೇಡಿ. ಕೌಂಟರಿಗೆ ಹೋಗಿ ಹೇಳಿ, ಅಲ್ಲೇ ಹಣ ಕೊಡಬೇಕು.

ಬಿಸಿಲಿದ್ದರೆ ಗ್ಲಾಸ್ ಹಿಡಿದು ಹೊರಗೆ ಬನ್ನಿ. ತಲೆಯ ಮೇಲೆಯೇ ರೇವನ್ ಕ್ರ್ಯಾಗ್ ಬಂಡೆ. ಹಗ್ಗ ಕಟ್ಟಿಕೊಂಡು ಏರುವವರ ಕೂಗು ಕೇಳುತ್ತದೆ. ಸುತ್ತ ಹರ್ಡ್‌ವಿಕ್ ಕುರಿಗಳು: ಮರಿಗಳು ಕಪ್ಪು, ದೊಡ್ಡವು ಬೂದು, ಮುಖ ಮಾತ್ರ ಬಿಳುಪು. ನಾವು ಊಟಕ್ಕೆ ಮುಂಚೆ ಪಕ್ಕದ ಮಿಕಲ್‌ಡೆನ್ ಕಣಿವೆಯ ಸಮತಟ್ಟು ದಾರಿಯಲ್ಲಿ ನಡೆದು ಬಂದಿದ್ದೆವು. ಬಲಗಡೆ 709 ಮೀಟರ್ ಎತ್ತರದ ಪೈಕ್ ಆಫ್ ಸ್ಟಿಕಲ್ ಶಿಖರ. ಅದರ ಇಳಿಜಾರಿನ ಹಸಿರು ಛಾಯೆಯ ಕಲ್ಲಿನಿಂದ ನವಶಿಲಾಯುಗದ ಜನ ಕೊಡಲಿಗಳನ್ನು ಮಾಡುತ್ತಿದ್ದರು, ಅವು ಬ್ರಿಟನ್ನಿನ ದೂರದ ಮೂಲೆಗಳವರೆಗೂ ಹೋಗಿವೆ. ನಮ್ಮ ಓಲ್ಡ್ ಡಂಜನ್ ಗಿಲ್ ಇರುವ ಜಾಗವನ್ನು ಇತಿಹಾಸಕಾರ ಜಿ. ಎಂ. ಟ್ರೆವೆಲ್ಯನ್ ಕೊಂಡು, ಇಂಥ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ದಾನ ಕೊಟ್ಟರು. ಪುಣ್ಯಾತ್ಮ.

ಕಾರಿನಲ್ಲಿ ಬಂದು, ಉಂಡು, ಹೊರಟುಬಿಡುವವರಿಗೆ ಈ ಪಬ್ ಅರ್ಧವೂ ದಕ್ಕದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಂಬಲ್‌ಸೈಡ್‌ನಿಂದ 516ನೆಯ ನಂಬರಿನ ಬಸ್ ಇಲ್ಲಿಯವರೆಗೂ ಬರುತ್ತದೆ. ಯಾರು ಓಡಿಸಬೇಕು, ಯಾರು ಕುಡಿಯಬಾರದು ಎಂಬ ಜಗಳವೂ ತಪ್ಪುತ್ತದೆ. ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುತ್ತದೆ. ವಾಪಸಿನ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂಬುದನ್ನು ಮೊದಲ ಪೈಂಟಿಗೆ ಮುಂಚೆಯೇ ನೋಡಿಟ್ಟುಕೊಳ್ಳಿ.